ರಕ್ತನಾಳದ ಸೂಚಕಗಳ ಪ್ರಬಂಧ ಕೈಗೆ ಸಿಕ್ಕಾಗ: ಸಿಎಲ್‌ಎಲ್ ಇರುವ ಮನೆಯವರು ಓದಬೇಕಾದ ಬಗೆ

ದೀರ್ಘಕಾಲಿಕ ರಕ್ತ ಕ್ಯಾನ್ಸರ್ ಪತ್ತೆಯಾಗಿ, ‘ಈಗ ಚಿಕಿತ್ಸೆ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ’ ಎಂದು ವೈದ್ಯರು ಹೇಳಿ ಕಳಿಸಿದ ಮನೆಗಳಲ್ಲಿ ಒಬ್ಬರಾದರೂ ರಾತ್ರಿ ಕೂತು ಇಂಟರ್‌ನೆಟ್ಟಿನಲ್ಲಿ ಹುಡುಕಲು ಶುರು ಮಾಡುತ್ತಾರೆ. ಕ್ಯಾನ್ಸರ್ ಎಂದು ಹೇಳಿ ಔಷಧಿ ಕೊಡದೆ ಕಳಿಸುವುದನ್ನು ಯಾವ ಮನೆಯವರೂ ಸುಲಭವಾಗಿ ಒಪ್ಪುವುದಿಲ್ಲ. ನಮ್ಮಲ್ಲಿ ಹುಡುಕುವ ಕೆಲಸ ಅಕ್ಕನ ಮಗನದು. ಅವನ ತಂದೆ, ಎಂದರೆ ನಮ್ಮ ಭಾವನವರು, ಸಾಗರದ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವರು. ಕಣ್ಣಿನ ಪೊರೆ ತೆಗೆಸಲು ಹೋದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ 38,000 ಬಂದು, ಅಲ್ಲಿಂದ ಮುಂದೆ ಸಿಎಲ್‌ಎಲ್ (ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ) ಎಂದು ಗೊತ್ತಾಯಿತು. ನಾನು ವೃತ್ತಿಯಿಂದ ಪೆಥಾಲಜಿಸ್ಟ್. ಅಸ್ಥಿಮಜ್ಜೆಯ ಸ್ಲೈಡುಗಳನ್ನು ನೋಡುತ್ತಲೇ ಕೂದಲು ಬೆಳ್ಳಗಾಗಿದೆ. ಹೀಗಾಗಿ ಅವನು ಹುಡುಕಿದ್ದೆಲ್ಲ ನನ್ನ ಮೊಬೈಲಿಗೆ ಬರುತ್ತದೆ.

ಅವನು ಕಳಿಸಿದ್ದರಲ್ಲಿ ಹೆಚ್ಚಿನವು ಒಂದೇ ಜಾತಿಯವು: ವಿಇಜಿಎಫ್‌ನಂಥ, ರಕ್ತನಾಳ ಬೆಳೆಸುವ ಪ್ರೋಟೀನುಗಳ ಮಟ್ಟ ಹೆಚ್ಚಿದ್ದರೆ ಸಿಎಲ್‌ಎಲ್ ಬೇಗ ಮುಂದುವರಿಯುತ್ತದೆ ಎನ್ನುವ ಪ್ರಬಂಧಗಳು. ಕೆಳಗೆ ಅವನ ಪ್ರಶ್ನೆ: ‘ಚಿಕ್ಕಮ್ಮ, ಅಪ್ಪನಿಗೆ ವಿಇಜಿಎಫ್ ಪರೀಕ್ಷೆ ಮಾಡಿಸೋಣವೇ?’ ಬೇಡ ಎಂದು ಒಂದು ಸಾಲಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಎಂಜಿನಿಯರ್ ಹುಡುಗ, ಕಾರಣ ಹೇಳದೆ ಬೇಡ ಎಂದರೆ ಬೇರೆ ಕಡೆ ಮಾಡಿಸಿಕೊಂಡು ಬರುವವನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು, ಯಾವ ‘ದೀರ್ಘಕಾಲಿಕ’ ಎಂದು ನೋಡಿ

ವರದಿಯಲ್ಲಿರುವುದು ಸಿಎಲ್‌ಎಲ್ ಆಗಿದೆಯೋ ಸಿಎಮ್ಎಲ್ (ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ) ಆಗಿದೆಯೋ ಖಚಿತ ಮಾಡಿಕೊಳ್ಳಿ. ಒಂದಕ್ಷರದ ವ್ಯತ್ಯಾಸ, ಕಾಯಿಲೆ ಪೂರ್ತಿ ಬೇರೆ. ಪಾಶ್ಚಾತ್ಯ ದೇಶಗಳಲ್ಲಿ ಸಿಎಲ್‌ಎಲ್ ಹೆಚ್ಚು, ನಮ್ಮಲ್ಲಿ ಸಿಎಮ್ಎಲ್ ಹೆಚ್ಚು. ಸಿಎಮ್ಎಲ್‌ನಲ್ಲಿ ಬಿಸಿಆರ್-ಎಬಿಎಲ್ ಎಂಬ ಒಂದೇ ದೋಷಯುಕ್ತ ಜೀನ್ ಕಾಯಿಲೆಯನ್ನು ನಡೆಸುತ್ತದೆ. 2001ರಲ್ಲಿ ಇಮಾಟಿನಿಬ್ ಬಂದ ಮೇಲೆ ಆ ಜೀನಿನ ಮಟ್ಟ ಎಷ್ಟು ಇಳಿಯಿತು ಎಂಬುದೇ ರೋಗಿಯ ಮುನ್ನರಿವನ್ನು ಹೇಳಿಬಿಡುತ್ತದೆ. ಮೂರು ತಿಂಗಳ ಹೊತ್ತಿಗೆ ಅದು ಶೇಕಡ 10ಕ್ಕಿಂತ ಕೆಳಗೆ ಬಂದಿದೆಯೇ ಎಂದು ನೋಡುತ್ತಾರೆ. ಸಿಎಮ್ಎಲ್ ರೋಗಿಗಳ ಮಜ್ಜೆಯಲ್ಲಿ ರಕ್ತನಾಳಗಳು ಬಹಳ ಹೆಚ್ಚು ಎಂಬುದು ನಿಜವೇ, ಆದರೆ ಚಿಕಿತ್ಸೆಯ ತೀರ್ಮಾನಕ್ಕೆ ಅದನ್ನು ಎಣಿಸುವ ಅಗತ್ಯ ಉಳಿದಿಲ್ಲ. ಸಿಎಮ್ಎಲ್ ಇರುವವರು ಇಲ್ಲಿಗೇ ಓದು ನಿಲ್ಲಿಸಿ, ಬಿಸಿಆರ್-ಎಬಿಎಲ್ ವರದಿಯನ್ನು ಹಿಡಿದು ವೈದ್ಯರ ಹತ್ತಿರ ಹೋಗಬಹುದು.

ಮುಂದಿನದೆಲ್ಲ ಸಿಎಲ್‌ಎಲ್ ಕುರಿತು.

ತೇಲಾಡುವ ಕಣಕ್ಕೆ ರಕ್ತನಾಳ ಏಕೆ ಬೇಕು

ಪ್ರಬಂಧ ಓದುವ ಮೊದಲು ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಗಡ್ಡೆಯೊಂದು ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಅದಕ್ಕೆ ತನ್ನದೇ ರಕ್ತನಾಳಗಳು ಬೇಕು, ಅವನ್ನು ತಡೆದರೆ ಗಡ್ಡೆಯನ್ನು ತಡೆಯಬಹುದು ಎಂದು ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲಿ ಬರೆದರು. ನಾಳಗಳನ್ನು ಬೆಳೆಸುವ ಮುಖ್ಯ ಪ್ರೋಟೀನಿಗೆ ವಿಇಜಿಎಫ್ ಎಂಬ ಹೆಸರು ಬಂದದ್ದು 1989ರಲ್ಲಿ. ಅದೇ ಪ್ರೋಟೀನನ್ನು ನಾಳಗಳಿಂದ ನೀರು ಸೋರುವಂತೆ ಮಾಡುವ ವಸ್ತುವೆಂದು 1983ರಲ್ಲೇ ಬೇರೆಯವರು ಗುರುತಿಸಿದ್ದರು.

ರಕ್ತ ಕ್ಯಾನ್ಸರ್‌ಗೆ ಇದು ಅನ್ವಯಿಸುತ್ತದೆ ಎಂದು ಮೊದಮೊದಲು ಯಾರಿಗೂ ಅನಿಸಲಿಲ್ಲ. ರಕ್ತದಲ್ಲೇ ಓಡಾಡುವ ಕಣಕ್ಕೆ ರಕ್ತ ತಲುಪಿಸುವ ನಾಳ ಏಕೆ? ಸೂಕ್ಷ್ಮದರ್ಶಕದಲ್ಲಿ ಮಜ್ಜೆಯನ್ನು ನೋಡಿದವರು ಇದಕ್ಕೆ ಉತ್ತರ ಕೊಟ್ಟರು. 1990ರ ದಶಕದಲ್ಲಿ ಮೈಲೋಮಾ ಎಂಬ ಇನ್ನೊಂದು ರಕ್ತ ಕ್ಯಾನ್ಸರ್ ಇರುವವರ ಮಜ್ಜೆಯಲ್ಲಿ, ಆಮೇಲೆ ಮಕ್ಕಳ ತೀವ್ರ ಲ್ಯುಕೇಮಿಯಾದಲ್ಲಿ ಹೊಸ ನಾಳಗಳ ದಟ್ಟಣೆ ಕಂಡಿತು. ಸಿಎಲ್‌ಎಲ್‌ನಲ್ಲಿ ಲಿಂಫೋಸೈಟುಗಳು (ಬಿಳಿ ರಕ್ತಕಣದ ಒಂದು ಬಗೆ) ರಕ್ತದಲ್ಲಿ ಸುತ್ತುವಾಗ ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಅವು ಒಡೆದು ಎರಡಾಗುವುದು ಹೆಚ್ಚಾಗಿ ದುಗ್ಧರಸ ಗ್ರಂಥಿಗಳಲ್ಲಿ (ಕುತ್ತಿಗೆ, ಕಂಕುಳಲ್ಲಿ ಗಂಟಾಗಿ ಊದುವವು) ಮತ್ತು ಮಜ್ಜೆಯಲ್ಲಿ. ಅಲ್ಲಿ ನಾಳದ ಒಳಗೋಡೆಯ ಕೋಶಗಳು ಅವುಗಳಿಗೆ ಬದುಕುಳಿಯುವ ಸಂಕೇತ ಕೊಡುತ್ತವೆ. ಸಿಎಲ್‌ಎಲ್ ಕಣ ತಾನೇ ವಿಇಜಿಎಫ್ ತಯಾರಿಸುತ್ತದೆ, ಅದನ್ನು ಹಿಡಿಯುವ ಗ್ರಾಹಕಗಳೂ ಅದರ ಮೈಮೇಲಿವೆ. ತಾನೇ ಉತ್ಪಾದಿಸಿ ತಾನೇ ಬಳಸಿ ಸಾಯುವುದನ್ನು ಮುಂದೂಡುತ್ತದೆ. ಹೀಗಾಗಿ ಇಲ್ಲಿ ವಿಇಜಿಎಫ್‌ನ ಪಾತ್ರ ನಾಳ ಬೆಳೆಸುವುದಕ್ಕಷ್ಟೇ ಸೀಮಿತವಲ್ಲ. ಇದರ ಜೊತೆಗೆ ಓದುವವರ ಕಣ್ಣಿಗೆ ಬೀಳುವ ಇನ್ನೆರಡು ಹೆಸರುಗಳು ಬಿಎಫ್‌ಜಿಎಫ್ ಮತ್ತು ಆಂಜಿಯೋಪೊಯೆಟಿನ್-2. ಮೊದಲನೆಯದೂ ನಾಳ ಬೆಳೆಸುವ ಪ್ರೋಟೀನೇ. ಎರಡನೆಯದು ಇರುವ ನಾಳಗಳ ಬಿಗಿಯನ್ನು ಸಡಿಲಿಸಿ ಹೊಸ ಕವಲು ಒಡೆಯಲು ದಾರಿ ಮಾಡುತ್ತದೆ.

ಜೀವವಿಜ್ಞಾನದ ಮಟ್ಟದಲ್ಲಿ ಇದೆಲ್ಲ ಸತ್ಯ, ಸೊಗಸಾದ ಸತ್ಯ. ನನ್ನ ತಕರಾರು ಇರುವುದು ಇಲ್ಲಿಂದ ನೇರವಾಗಿ ಲ್ಯಾಬಿನ ಬಿಲ್ಲಿಗೆ ಜಿಗಿಯುವುದರ ಬಗ್ಗೆ.

ಸಾರಾಂಶವನ್ನು ಬಿಟ್ಟು ವಿಧಾನದಿಂದ ಓದಿ

ಪ್ರಬಂಧದ ಸಾರಾಂಶದ ಕೊನೆಯ ಸಾಲನ್ನು ಯಾರಾದರೂ ಓದುತ್ತಾರೆ. ‘ಸ್ವತಂತ್ರ ಮುನ್ಸೂಚಕ’ ಎಂಬ ಮಾತು ಅಲ್ಲಿರುತ್ತದೆ, ಓದಿದವರ ಎದೆ ಹೊಡೆದುಕೊಳ್ಳುತ್ತದೆ. ನೀವು ಅದನ್ನು ದಾಟಿ ‘ರೋಗಿಗಳು ಮತ್ತು ವಿಧಾನಗಳು’ ಭಾಗಕ್ಕೆ ಹೋಗಿ. ಪ್ರಬಂಧದ ನಿಜವಾದ ಬಲಾಬಲ ಅಲ್ಲಿರುತ್ತದೆ.

ನಾನು ಮೊದಲು ಹುಡುಕುವುದು: ಅಳೆದದ್ದು ಸೀರಮ್ಮಿನಲ್ಲೋ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಪ್ಲಾಸ್ಮಾದಲ್ಲೋ (ಹೆಪ್ಪುಗಟ್ಟಲು ಬಿಡದೆ ಬೇರ್ಪಡಿಸಿದ ದ್ರವ)? ಹೊರಗಿನವರಿಗೆ ಇದು ಕ್ಷುಲ್ಲಕ ಅನಿಸಬಹುದು, ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಇದೇ ಎಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ತಮ್ಮೊಳಗೆ ವಿಇಜಿಎಫ್ ತುಂಬಿಕೊಂಡಿರುತ್ತವೆ. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವಾಗ ಅವು ಅದನ್ನು ಹೊರಗೆ ಸುರಿಯುತ್ತವೆ. ಹಾಗಾಗಿ ಸೀರಮ್ಮಿನ ಅಂಕಿ ಪ್ಲಾಸ್ಮಾದ ಅಂಕಿಗಿಂತ ಹೆಚ್ಚು ಬರುತ್ತದೆ, ಮತ್ತು ಅದರಲ್ಲಿ ಪ್ಲೇಟ್‌ಲೆಟ್‌ಗಳ ಪಾಲು ದೊಡ್ಡದಿರುತ್ತದೆ. ಸಿಎಲ್‌ಎಲ್ ಮುಂದುವರಿದಂತೆ ಪ್ಲೇಟ್‌ಲೆಟ್ ಕಡಿಮೆಯಾಗುವ ಕಾಯಿಲೆ. ಇಂಥ ಕಾಯಿಲೆಯಲ್ಲಿ ಸೀರಮ್ ವಿಇಜಿಎಫ್ ಅಳೆದು ಅದು ಕ್ಯಾನ್ಸರ್ ಕಣದಿಂದಲೇ ಬಂದದ್ದು ಎಂದು ಹೇಳುವುದು ಹೇಗೆ? ಪ್ಲಾಸ್ಮಾ ಆದರೂ ರಕ್ತ ತೆಗೆದ ಕೂಡಲೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಬೇಕು. ಸಾಗರದಲ್ಲಿ ಬೆಳಿಗ್ಗೆ ತೆಗೆದ ರಕ್ತ ಬಸ್ಸಿನಲ್ಲಿ ಊರೂರು ದಾಟಿ ಸಂಜೆ ಬೆಂಗಳೂರು ಮುಟ್ಟಿದರೆ, ಆ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಇದಲ್ಲದೆ ರಕ್ತಹೀನತೆ, ಸೋಂಕು, ಉರಿಯೂತ, ಮಾಯುತ್ತಿರುವ ಗಾಯ ಇವೆಲ್ಲವೂ ವಿಇಜಿಎಫ್ ಏರಿಸಬಲ್ಲವು.

ಸಿಎಲ್‌ಎಲ್‌ನ ಆರಂಭದ ಹಂತದಲ್ಲಿ ವಿಇಜಿಎಫ್ ಹೆಚ್ಚಿದ್ದವರಿಗೆ ಕಾಯಿಲೆ ಬೇಗ ಮುಂದುವರಿಯಿತು ಎಂದು 1999ರಲ್ಲಿ ಇಟಲಿಯಿಂದ ಬಂದ ವರದಿ ಸೀರಮ್ಮಿನದು. 2010ರಲ್ಲಿ ಅದೇ ದೇಶದ ಮೊಡೆನಾ ನಗರದ ತಂಡ ಆಂಜಿಯೋಪೊಯೆಟಿನ್-2 ಕುರಿತು ಬರೆದದ್ದು ಪ್ಲಾಸ್ಮಾದ ಮೇಲೆ. ಎರಡನ್ನೂ ಪಕ್ಕಪಕ್ಕ ಇಟ್ಟು ‘ನೋಡಿ, ಎರಡೂ ಹೆಚ್ಚಿದ್ದರೆ ಕೆಟ್ಟದ್ದು’ ಎನ್ನುವ ಮೊದಲು ಇಷ್ಟನ್ನು ಗಮನಿಸಿ.

ಎರಡನೆಯದಾಗಿ, ಪ್ರೋಟೀನಿನ ಬದಲು ನಾಳಗಳನ್ನೇ ಎಣಿಸಿದ್ದರೆ ಎಣಿಸಿದ ಬಗೆಯನ್ನು ನೋಡಿ. ಮಜ್ಜೆಯ ಬಯಾಪ್ಸಿಗೆ ಸಿಡಿ34, ಸಿಡಿ31 ಅಥವಾ ಫ್ಯಾಕ್ಟರ್ 8 ಬಣ್ಣ ಹಾಕಿದರೆ ನಾಳಗಳು ಕಂದು ಗೆರೆಗಳಾಗಿ ಕಾಣುತ್ತವೆ. ಅತಿ ದಟ್ಟವಾಗಿ ಕಂಡ ಜಾಗಗಳನ್ನು ಆರಿಸಿ ಎಣಿಸುವುದು ವಾಡಿಕೆ. ದಟ್ಟ ಜಾಗ ಯಾವುದೆಂದು ಆರಿಸುವುದು ನೋಡುವವರ ಕಣ್ಣು. ನಾನು ಆರಿಸಿದ ಜಾಗವನ್ನೇ ನನ್ನ ಸಹೋದ್ಯೋಗಿ ಆರಿಸುತ್ತಾರೆ ಎಂಬ ಖಾತರಿ ಇಲ್ಲ. ಸಿಡಿ34 ಬಣ್ಣ ನಾಳಕ್ಕಷ್ಟೇ ಅಲ್ಲ, ಮಜ್ಜೆಯ ಎಳೆಯ ಮೂಲಕಣಗಳಿಗೂ ಹತ್ತುತ್ತದೆ. ಇದರ ಫಲ ಏನು ಗೊತ್ತೇ? 2000ನೇ ಇಸವಿಯಲ್ಲಿ ಅಮೆರಿಕದಿಂದ ಎರಡು ಅಧ್ಯಯನಗಳು ಹೊರಬಂದವು. ಸಿಎಲ್‌ಎಲ್ ಮಜ್ಜೆಯಲ್ಲಿ ರಕ್ತನಾಳ ಹೆಚ್ಚಿದೆ ಎಂದು ಒಂದು ಹೇಳಿತು. ಉಳಿದ ಲ್ಯುಕೇಮಿಯಾಗಳಲ್ಲೆಲ್ಲ ಹೆಚ್ಚಿದೆ, ಸಿಎಲ್‌ಎಲ್‌ನಲ್ಲಿ ಮಾತ್ರ ಇಲ್ಲ ಎಂದು ಇನ್ನೊಂದು ಹೇಳಿತು. ಎರಡೂ ತಂಡಗಳು ತಿಳಿದವರದೇ.

ಇನ್ನೊಂದು ವಿಷಯ. ಸಿಎಲ್‌ಎಲ್ ಪತ್ತೆಗೆ ಸಾಮಾನ್ಯವಾಗಿ ಮಜ್ಜೆಯ ಪರೀಕ್ಷೆಯೇ ಬೇಕಿಲ್ಲ. ತೋಳಿನಿಂದ ತೆಗೆದ ರಕ್ತದ ಮೇಲೆ ಫ್ಲೋ ಸೈಟೋಮೆಟ್ರಿ (ಕಣಗಳ ಬಗೆಯನ್ನು ಗುರುತಿಸುವ ಯಂತ್ರಪರೀಕ್ಷೆ) ಮಾಡಿ, ಒಂದು ಮೈಕ್ರೋಲೀಟರ್‌ನಲ್ಲಿ 5,000ಕ್ಕೆ ಕಡಿಮೆಯಿಲ್ಲದಷ್ಟು ಒಂದೇ ಮೂಲದ ಬಿ ಲಿಂಫೋಸೈಟುಗಳು ಮೂರು ತಿಂಗಳಾದರೂ ಇದ್ದರೆ ಸಾಕು. ನಾಳ ಎಣಿಸುವ ಸಲುವಾಗಿ ಎಪ್ಪತ್ತರ ಹತ್ತಿರದವರ ಸೊಂಟದ ಮೂಳೆಗೆ ಸೂಜಿ ಹಾಕಿಸಬೇಡಿ.

ಮೂರನೆಯದು ಗಡಿ ಅಂಕಿ. ‘ಹೆಚ್ಚು’, ‘ಕಡಿಮೆ’ ಎಂದು ರೋಗಿಗಳನ್ನು ಎರಡು ಗುಂಪು ಮಾಡಿದ್ದಾರಲ್ಲ, ಆ ಗೆರೆಯನ್ನು ಎಲ್ಲಿಂದ ತಂದರು? ತಮ್ಮದೇ ರೋಗಿಗಳ ಮಧ್ಯಾಂಕವನ್ನೋ, ತಮ್ಮದೇ ಮಾಹಿತಿಯಲ್ಲಿ ಅತಿ ಚೆನ್ನಾಗಿ ಬೇರ್ಪಡಿಸುವ ಅಂಕಿಯನ್ನೋ ತೆಗೆದುಕೊಂಡಿದ್ದರೆ, ಆ ಗೆರೆ ಆ ಆಸ್ಪತ್ರೆಯ ಆ ರೋಗಿಗಳಿಗೆ ಹೊಲಿಸಿದ ಅಂಗಿ. ಬೇರೊಂದು ಊರಿನ, ಬೇರೊಂದು ರೋಗಿಗಳ ಗುಂಪಿನಲ್ಲಿ ಅದೇ ಗೆರೆ ಹಾಕಿ ಪರೀಕ್ಷಿಸಿದ್ದಾರೆಯೇ ಎಂದು ಹುಡುಕಿ. ಇಲ್ಲದಿದ್ದರೆ ಭಾವನವರ ಅಂಕಿ ಗೆರೆಯ ಆಚೆಗೆ ಬಂದರೂ ಈಚೆಗೆ ಬಂದರೂ ಅರ್ಥ ಒಂದೇ, ಎಂದರೆ ಏನೂ ಇಲ್ಲ.

ಜೊತೆಗಾರರು ಯಾರು ಎಂದು ಕೇಳಿ

ಅಕ್ಕನ ಮಗನಿಗೆ ಹೆಚ್ಚು ಹೊತ್ತು ವಿವರಿಸಬೇಕಾದದ್ದು ಇದು. ಅಡಿಕೆಗೆ ಕೊಳೆರೋಗ ಜೋರಾದ ವರ್ಷ ಸಾಗರದ ಪೇಟೆಯಲ್ಲಿ ಕೊಡೆಗಳ ಮಾರಾಟವೂ ಜೋರು. ಕೊಡೆ ಮಾರಾಟದ ಲೆಕ್ಕ ನೋಡಿ ಕೊಳೆಯನ್ನು ಊಹಿಸಬಹುದು, ಊಹೆ ಸರಿಯೂ ಆಗಬಹುದು. ಆದರೆ ಮಳೆ ಅಳೆಯುವ ಮಾಪಕ ಮನೆಯ ಅಂಗಳದಲ್ಲೇ ಇರುವಾಗ ಕೊಡೆ ಅಂಗಡಿಗೆ ಏಕೆ ಹೋಗಬೇಕು?

ಸಿಎಲ್‌ಎಲ್‌ನಲ್ಲಿ ಮಳೆಯ ಸ್ಥಾನದಲ್ಲಿರುವವು ಕಣದೊಳಗಿನ ಜೀನುಗಳು. ಆಂಜಿಯೋಪೊಯೆಟಿನ್-2 ಹೆಚ್ಚಿರುವುದು ಐಜಿಎಚ್‌ವಿ ಎಂಬ ಪ್ರತಿಕಾಯದ ಜೀನ್ ರೂಪಾಂತರಗೊಳ್ಳದ ರೋಗಿಗಳಲ್ಲಿ ಎಂದು ಕಂಡುಬಂದಿದೆ. ರೂಪಾಂತರಗೊಳ್ಳದ ಐಜಿಎಚ್‌ವಿ ಇರುವವರಿಗೆ ಕಾಯಿಲೆ ಬೇಗ ಮುಂದುವರಿಯುತ್ತದೆ ಎಂದು 1999ರಿಂದಲೇ ಗೊತ್ತು. ಹಾಗಾಗಿ ಪ್ರಬಂಧದಲ್ಲಿ ಹಲವು ಅಂಶಗಳನ್ನು ಒಟ್ಟಿಗೆ ತೂಗುವ ‘ಬಹುಚರ ವಿಶ್ಲೇಷಣೆ’ಯ ಕೋಷ್ಟಕವನ್ನು ಹುಡುಕಿ, ಅದರಲ್ಲಿ ಐಜಿಎಚ್‌ವಿ, 17ಪಿ ಕೊರತೆ (17ನೇ ವರ್ಣತಂತುವಿನ ಒಂದು ತುಂಡು ಇಲ್ಲದಿರುವುದು), ಆ ತುಂಡಿನಲ್ಲಿರುವ ಕ್ಯಾನ್ಸರ್ ತಡೆಯುವ ಜೀನ್ ಟಿಪಿ53, ರಕ್ತದಲ್ಲಿನ ಪ್ರೋಟೀನ್ ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಇವೆಯೇ ನೋಡಿ. ಇವನ್ನು ಬಿಟ್ಟು ವಯಸ್ಸು, ಲಿಂಗ, ಹಂತ ಇಷ್ಟನ್ನೇ ಸೇರಿಸಿ ‘ಸ್ವತಂತ್ರ’ ಎಂದಿದ್ದರೆ ಆ ಸ್ವಾತಂತ್ರ್ಯಕ್ಕೆ ಬೆಲೆ ಕಡಿಮೆ. 2000ಕ್ಕಿಂತ ಹಿಂದಿನ ಪ್ರಬಂಧಗಳಲ್ಲಿ ಇವು ಇರುವುದೇ ಅಪರೂಪ, ಅದು ಬರೆದವರ ತಪ್ಪಲ್ಲ.

ಅಪಾಯದ ಅನುಪಾತ 2 ಎಂದಿದ್ದರೆ ಹೆದರಬೇಡಿ. ನಾನೇ ಹೆಣೆದ ಲೆಕ್ಕವೊಂದು ಹೇಳುತ್ತೇನೆ: ಸೂಚಕ ಹೆಚ್ಚಿರುವ 50 ಜನರಲ್ಲಿ ಎರಡು ವರ್ಷದೊಳಗೆ 20 ಮಂದಿಗೆ ಚಿಕಿತ್ಸೆ ಬೇಕಾಯಿತು, ಕಡಿಮೆ ಇರುವ 50ರಲ್ಲಿ 10 ಮಂದಿಗೆ. ಅಪಾಯ ದುಪ್ಪಟ್ಟು, ಪ್ರಬಂಧಕ್ಕೆ ಒಳ್ಳೆಯ ತಲೆಬರಹ. ಆದರೆ ‘ಹೆಚ್ಚು’ ಗುಂಪಿನ 30 ಜನ ಔಷಧಿಯಿಲ್ಲದೆ ತೋಟ ಸುತ್ತುತ್ತಿದ್ದಾರೆ, ‘ಕಡಿಮೆ’ ಗುಂಪಿನ 10 ಜನ ಆಸ್ಪತ್ರೆಯಲ್ಲಿದ್ದಾರೆ. ನಿಮ್ಮ ತಂದೆ ಯಾರ ಜೊತೆ ಎಂದು ಈ ಅಂಕಿ ಹೇಳುವುದಿಲ್ಲ.

ಅಳೆದ ಫಲಿತಾಂಶ ‘ಮೊದಲ ಚಿಕಿತ್ಸೆಯವರೆಗಿನ ಅವಧಿ’ಯೋ ‘ಒಟ್ಟು ಬದುಕುಳಿದ ಅವಧಿ’ಯೋ ಎಂದೂ ಗಮನಿಸಿ. ಮೊದಲನೆಯದನ್ನು ಓದಿ ಎರಡನೆಯದೆಂದು ತಿಳಿದು ಅತ್ತವರನ್ನು ಕಂಡಿದ್ದೇನೆ. ಚಿಕಿತ್ಸೆ ಬೇಗ ಬೇಕಾಗುವುದೇ ಬೇರೆ, ಬೇಗ ಸಾಯುವುದೇ ಬೇರೆ.

ಇಸವಿಯನ್ನಂತೂ ನೋಡಲೇಬೇಕು. ಪ್ರಬಂಧ ಅಚ್ಚಾದ ಇಸವಿಗಿಂತ ರೋಗಿಗಳನ್ನು ಸೇರಿಸಿಕೊಂಡ ಇಸವಿ ಮುಖ್ಯ. 2000ರಲ್ಲಿ ಜರ್ಮನಿಯ ತಂಡವೊಂದು 325 ರೋಗಿಗಳ ವರ್ಣತಂತುಗಳನ್ನು ನೋಡಿ, 17ಪಿ ಕೊರತೆ ಇದ್ದವರ ಬದುಕಿನ ಮಧ್ಯಾಂಕ 32 ತಿಂಗಳು, 13ಕ್ಯು ಕೊರತೆ (13ನೇ ವರ್ಣತಂತುವಿನದು) ಮಾತ್ರ ಇದ್ದವರದು 133 ತಿಂಗಳು ಎಂದು ಬರೆಯಿತು. ಆ 32 ತಿಂಗಳು ಇಂದಿಗೂ ಇಂಟರ್‌ನೆಟ್ಟಿನಲ್ಲಿ ಅಲೆಯುತ್ತ ಜನರನ್ನು ಹೆದರಿಸುತ್ತಿದೆ. ಅದು ಹಳೆಯ ಕೀಮೋ ಕಾಲದ ಅಂಕಿ. ಸಿಎಲ್‌ಎಲ್‌ಗೆ 2014ರಲ್ಲಿ ಇಬ್ರುಟಿನಿಬ್, 2016ರಲ್ಲಿ ವೆನೆಟೋಕ್ಲಾಕ್ಸ್ ಎಂಬ ಮಾತ್ರೆಗಳು ಅಮೆರಿಕದಲ್ಲಿ ಅನುಮತಿ ಪಡೆದ ಮೇಲೆ ಆ ಗುಂಪಿನವರ ಕತೆ ಬಹಳ ಬದಲಾಗಿದೆ. ರಕ್ತನಾಳದ ಸೂಚಕಗಳ ಹೆಚ್ಚಿನ ಅಧ್ಯಯನಗಳೂ ಈ ಮಾತ್ರೆಗಳಿಗಿಂತ ಹಿಂದಿನವು.

ನಾಳ ತಡೆಯುವ ಔಷಧಿ ಕೊಡಿಸಬಹುದಲ್ಲವೇ?

ಇದು ಅವನ ಮುಂದಿನ ಪ್ರಶ್ನೆಯಾಗಿತ್ತು, ನ್ಯಾಯವಾದ ಪ್ರಶ್ನೆ. ವಿಇಜಿಎಫ್ ಅನ್ನು ಹಿಡಿದುಹಾಕುವ ಬೆವಾಸಿಜುಮ್ಯಾಬ್ 2004ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಬಂತು. ಸಿಎಲ್‌ಎಲ್ ರೋಗಿಗಳಿಗೂ ಅದನ್ನು, ಅದರ ಜೊತೆಗೆ ವಿಇಜಿಎಫ್ ಗ್ರಾಹಕವನ್ನು ತಡೆಯುವ ಮಾತ್ರೆಗಳನ್ನೂ ಒಂಟಿಯಾಗಿ ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕ: ಪರಿಣಾಮ ಅತ್ಯಲ್ಪ. ಸೂಚಕವೊಂದು ಕಾಯಿಲೆಯ ಜೊತೆ ಏರಿಳಿಯುತ್ತದೆ ಎಂದಮಾತ್ರಕ್ಕೆ ಅದನ್ನು ಅದುಮಿದರೆ ಕಾಯಿಲೆ ಅದುಮಿಹೋಗುತ್ತದೆ ಎಂದೇನಿಲ್ಲ. ವಿಇಜಿಎಫ್ ಅಂಕಿ ಎಷ್ಟೇ ಬಂದರೂ ವೈದ್ಯರು ಮಾಡುವುದು ಬದಲಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಣ ಹಾಕುವುದಿದ್ದರೆ ಎಲ್ಲಿಗೆ

ದೇಹವನ್ನು ಮುಟ್ಟಿ ನೋಡುವುದಕ್ಕೆ ಖರ್ಚಿಲ್ಲ. ಗಂಟು ಬಾವು ಎಲ್ಲೆಲ್ಲಿದೆ, ಗುಲ್ಮ (ಸ್ಪ್ಲೀನ್) ಪಕ್ಕೆಲುಬಿನ ಕೆಳಗೆ ಎಷ್ಟು ಇಳಿದಿದೆ, ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಎಷ್ಟು: ಇಷ್ಟರಲ್ಲೇ ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಹೇಳುವ ರಾಯ್ ಹಂತ ಸಿಗುತ್ತದೆ. 1975ರಿಂದ ಜಗತ್ತೆಲ್ಲ ಬಳಸುತ್ತಿರುವ ಈ ಪದ್ಧತಿಯನ್ನು ಕೊಟ್ಟವರು ಜೋಧಪುರದಲ್ಲಿ ಹುಟ್ಟಿ, ಜೈಪುರದಲ್ಲಿ ವೈದ್ಯಕೀಯ ಓದಿ ನ್ಯೂಯಾರ್ಕಿಗೆ ಹೋದ ಕಾಂತಿ ರಾಯ್. ಲಿಂಫೋಸೈಟ್ ಮಾತ್ರ ಹೆಚ್ಚಿದ್ದರೆ ಸೊನ್ನೆ ಹಂತ. ಭಾವನವರು ಅಲ್ಲಿದ್ದಾರೆ.

ಚಿಕಿತ್ಸೆಯ ಮಾತು ಬಂದಾಗ ಮೂರು ಪರೀಕ್ಷೆಗಳಿಗೆ ಹಣ ಉಳಿಸಿಟ್ಟುಕೊಂಡಿರಿ: 17ಪಿ ಕೊರತೆ ನೋಡುವ ಫಿಶ್ ಎಂಬ ವರ್ಣತಂತು ಪರೀಕ್ಷೆ, ಟಿಪಿ53 ಜೀನಿನ ಅನುಕ್ರಮ ಪರೀಕ್ಷೆ, ಐಜಿಎಚ್‌ವಿ. ಮೂರಕ್ಕೂ ಸಾಮಾನ್ಯವಾಗಿ ತೋಳಿನ ರಕ್ತ ಸಾಕು. ಐಜಿಎಚ್‌ವಿ ಸ್ಥಿತಿ ಬದಲಾಗುವುದಿಲ್ಲ, ಆದ್ದರಿಂದ ಜೀವನದಲ್ಲಿ ಒಮ್ಮೆ ಮಾಡಿಸಿ ಕಾಗದವನ್ನು ಜೋಪಾನ ಮಾಡಿದರಾಯಿತು. ವರದಿಯಲ್ಲಿ ಮೂಲ ಜೀನಿನೊಂದಿಗಿನ ಹೋಲಿಕೆ ಶೇಕಡ 98 ಅಥವಾ ಹೆಚ್ಚು ಎಂದಿದ್ದರೆ ರೂಪಾಂತರಗೊಂಡಿಲ್ಲ ಎಂದರ್ಥ. 17ಪಿ ಮತ್ತು ಟಿಪಿ53 ಹಾಗಲ್ಲ. ಕಾಲಕ್ರಮದಲ್ಲಿ ಹೊಸದಾಗಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಪ್ರತಿ ಸಲ ಹೊಸ ಚಿಕಿತ್ಸೆ ಆರಂಭಿಸುವ ಮೊದಲು ಮತ್ತೆ ನೋಡಬೇಕು. ಹಳೆಯ ವರದಿ ತೋರಿಸಿ ‘ಇದೆಯಲ್ಲ’ ಎನ್ನಬೇಡಿ.

ಇವುಗಳಿಗೆ ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಎಂಬ ಅಗ್ಗದ ರಕ್ತಪರೀಕ್ಷೆ ಸೇರಿದರೆ 2016ರಲ್ಲಿ ಬಂದ, ಮುನ್ನರಿವು ಹೇಳುವ ಸಿಎಲ್‌ಎಲ್-ಐಪಿಐ ಎಂಬ ಅಂಕಗಳ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. 17ಪಿ ಅಥವಾ ಟಿಪಿ53 ದೋಷಕ್ಕೆ 4 ಅಂಕ, ರೂಪಾಂತರಗೊಳ್ಳದ ಐಜಿಎಚ್‌ವಿಗೆ 2, ಬೀಟಾ-2 ಲೀಟರಿಗೆ 3.5 ಮಿಲಿಗ್ರಾಂ ಮೀರಿದ್ದರೆ 2, ರಾಯ್ ಹಂತ ಸೊನ್ನೆ ದಾಟಿದ್ದರೆ 1, ವಯಸ್ಸು 65 ದಾಟಿದ್ದರೆ 1. ಒಟ್ಟು ಸೊನ್ನೆ ಅಥವಾ 1 ಬಂದರೆ ಕಡಿಮೆ ಅಪಾಯ, 7ರಿಂದ 10 ಬಂದರೆ ಅತಿ ಹೆಚ್ಚು. ಸಾವಿರಾರು ರೋಗಿಗಳ ಮಾಹಿತಿಯಿಂದ ಆರಿಸಿದ ಈ ಐದರಲ್ಲಿ ರಕ್ತನಾಳದ ಸೂಚಕ ಒಂದೂ ಇಲ್ಲ.

ಎಲ್ಲ ಮಾಡಿಸಿದ ಮೇಲೂ, ಕಾಯಿಲೆ ಸದ್ದು ಮಾಡದಿದ್ದರೆ ಅಂಕ ಎಷ್ಟೇ ಇರಲಿ ಕಾಯುವುದೇ ಸರಿ. ಚಿಕಿತ್ಸೆ ಶುರು ಮಾಡಲು ಕಾರಣಗಳು ಬೇರೆ ಇವೆ: ಹಿಮೋಗ್ಲೋಬಿನ್ 10ಕ್ಕಿಂತ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿಯುವುದು, ಗುಲ್ಮ ಪಕ್ಕೆಲುಬಿನಿಂದ 6 ಸೆಂಟಿಮೀಟರ್ ಇಳಿಯುವುದು ಅಥವಾ ಗಂಟುಗಳು 10 ಸೆಂಟಿಮೀಟರ್ ದಾಟುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಬಟ್ಟೆ ಒದ್ದೆಯಾಗುವಂತೆ ಬೆವರುವುದು, ಲಿಂಫೋಸೈಟ್ ಎಣಿಕೆ ಆರು ತಿಂಗಳೊಳಗೆ ದುಪ್ಪಟ್ಟಾಗುವುದು.

ಈ ಕೊನೆಯದನ್ನು ಮನೆಯವರೇ ಹಿಡಿಯಬಹುದು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಒಟ್ಟು ಬಿಳಿ ಕಣ, ಲಿಂಫೋಸೈಟ್ ಶೇಕಡಾವಾರು, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಬರೆದಿಡಿ. ಒಟ್ಟು ಎಣಿಕೆಯನ್ನು ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿದರೆ ಲಿಂಫೋಸೈಟಿನ ನಿಜವಾದ ಸಂಖ್ಯೆ ಬರುತ್ತದೆ. 38,000ದಲ್ಲಿ ಶೇಕಡ 80 ಎಂದರೆ 30,400. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಆರಂಭದ ಎಣಿಕೆ 30,000ಕ್ಕಿಂತ ಕಡಿಮೆ ಇದ್ದವರಲ್ಲಿ ದುಪ್ಪಟ್ಟಾಯಿತು ಎಂಬುದೊಂದನ್ನೇ ನೆಚ್ಚಿ ಚಿಕಿತ್ಸೆ ಶುರು ಮಾಡುವುದಿಲ್ಲ. ಜ್ವರ, ಕೆಮ್ಮು ಇದ್ದ ವಾರದ ಎಣಿಕೆಗೆ ಪಕ್ಕದಲ್ಲಿ ಗುರುತು ಹಾಕಿ, ಸ್ಟಿರಾಯ್ಡ್ ಮಾತ್ರೆ ನುಂಗಿದ್ದರೆ ಅದನ್ನೂ ಬರೆಯಿರಿ. ಆ ಸಾಲುಗಳನ್ನು ದುಪ್ಪಟ್ಟಿನ ಲೆಕ್ಕಕ್ಕೆ ಸೇರಿಸಬೇಡಿ.